ಬಲದಿಂದ ಎಡಕ್ಕೆ

ಎಂಬತ್ತೇಳರಲ್ಲಿ ಹಮ್ಮಬ್ಬ ಮಾಮ ಕುವೈತಿನಿಂದ ತಂದದ್ದು
ಎರಡು ಡಬ್ಬಿ ಟ್ಯಾಂಗ್, ಕೊಡಲಿ ಮಾರ್ಕಿನ ಎಣ್ಣೆ, ಒಂದು ಕಂಬಳಿ,
ಕಂಬಳಿಯೊಳಗೆ ಮಗುವಿನ ಹಾಗೆ ಸುತ್ತಿದ
ಒಂದು ಕೀಲಿಮಣೆ.
ಇದೇ ಕಂಪ್ಯೂಟರ್, ಎಂದ.
ಉಳಿದದ್ದೆಲ್ಲಿ, ಎಂದಳು ಉಮ್ಮ.
ಉಳಿದದ್ದು ನಮ್ಮ ಟೀವಿ.

ಪ್ಲಗ್ಗಿನ ಕಾಲು ಚೌಕ,
ಕುದ್ರೋಳಿಯ ಗೋಡೆಯ ತೂತು ದುಂಡು.
ಪ್ಲಗ್ಗು ಕತ್ತರಿಸಿ, ವಯರಿಗೆ ಬೆಂಕಿಕಡ್ಡಿ ತುರುಕಿ
ಬಿಸ್ಮಿ ಹೇಳಿ ಸ್ವಿಚ್ಚು ಒತ್ತಿದೆವು.
ಪರದೆ ನೀಲಿಯಾಯಿತು.
ಅಕ್ಷರ ಬಲಗಡೆಯಿಂದ ಹೊರಟಿತು.

ಕಾಲೇಜಿಗೆ ಹೋಗುವ ಅಣ್ಣ ತಬ್ಬಿಬ್ಬು.
ಏಳನೇ ಕ್ಲಾಸಿನ ನಾನು ಓದಿದೆ:
ಸ್ವಾದ್. ಖಾ. ರಾ.
ಸಖ್ರ್.
ಬಂಡೆ ಅಂತ ಅರ್ಥ, ಎಂದ ಮಾಮ.
ಮದ್ರಸದ ಉಸ್ತಾದರು ಕಲಿಸಿದ್ದು ಓದಲು,
ಅರ್ಥಕ್ಕೆ ಇನ್ನೂ ವರ್ಷಗಳಿದ್ದವು.
ಯಂತ್ರವೂ ಹಾಗೆಯೇ,
ಕೊಟ್ಟದ್ದನ್ನು ಓದುತ್ತಿತ್ತು, ಅರ್ಥ ಕೇಳುತ್ತಿರಲಿಲ್ಲ.
ನಮಗಿಬ್ಬರಿಗೂ ಹೊಂದಿತು.

ಜೊತೆಗೆ ಬಂದ ಪುಸ್ತಕದಲ್ಲಿ ಖರ್ಜೂರದಂಗಡಿಯ ಲೆಕ್ಕವಿತ್ತು,
ಚಿತ್ರ ನೋಡಿ ತಿಳಿದದ್ದು.
ಅದನ್ನೇ ನಕಲು ಹೊಡೆದು, ಸಂಖ್ಯೆ ಮಾತ್ರ ಬದಲಿಸಿ
ಉಮ್ಮನ ಬೀಡಿಯ ಲೆಕ್ಕ ಮಾಡಿದೆ.
ಸಾಲು ಹತ್ತು, ಸಾಲು ಇಪ್ಪತ್ತು, ಸಾಲು ಮೂವತ್ತು.
ನಡುವೆ ಒಂಬತ್ತೊಂಬತ್ತು ಸಾಲು ಖಾಲಿ,
ಮರೆತದ್ದು ನೆನಪಾದರೆ ಬರೆಯಲಿಕ್ಕೆ.
ಅಂಥ ಔದಾರ್ಯ ಆಮೇಲೆ
ಯಾವ ಯಂತ್ರದಲ್ಲೂ ಕಾಣಲಿಲ್ಲ, ಮನುಷ್ಯರಲ್ಲಿ ಅಪರೂಪಕ್ಕೆ.

ಒಂಬತ್ತು ತಿಂಗಳಲ್ಲಿ ಬ್ರಾಂಚಿನವರು
ಛಾಟ್ ಎಂದು ಕಿತ್ತು ಎಸೆದದ್ದು
ಹದಿನೇಳು ಸಾವಿರದ ನಲವತ್ತು ಬೀಡಿ.
ಉಮ್ಮ ಟೀವಿಯ ಮುಂದೆ ನಿಂತಳು, ಮಡಿಲಲ್ಲಿ ಕತ್ತರಿ.
ಬಂದ್ ಮಾಡು, ಯಾರಾದರೂ ನೋಡಿಯಾರು, ಎಂದಳು.
ಆಮೇಲೆ ಸಂಖ್ಯೆಯನ್ನು ಅಂಗೈಯಲ್ಲಿ ಬರೆಸಿಕೊಂಡು ಹೋದಳು.
ಅಲ್ಲೇನು ಹೇಳಿದಳೋ, ಹೇಳಲಿಲ್ಲ.
ಮರುವಾರ ಛಾಟ್ ಅರ್ಧ.

ಲೆಕ್ಕ ಉಳಿಸಲು ಕ್ಯಾಸೆಟ್ ಬೇಕು.
ಮನೆಯಲ್ಲಿದ್ದದ್ದು ಒಂದೇ, ಮಾಮನ ದನಿಯ ಕಾಗದ,
ಫಹಾಹೀಲಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಮಾತಾಡಿ
ಊರಿಗೆ ಬರುವ ಯಾರದೋ ಕೈಯಲ್ಲಿ ಕಳಿಸಿದ್ದು.
ಅದರ ಮೇಲೆಯೇ ಹತ್ತಿಸಿದೆ,
ಕಿರ್ರೋ ಎಂದು, ಆರು ನಿಮಿಷ.
ಉಮ್ಮನಿಗೆ ಹೇಳಲಿಲ್ಲ.

ಹೊಸ ನಂಬರಿನದು ಬಂದಿದೆ, ಬರೆದ ಮಾಮ,
ಅದಕ್ಕೆ ಕ್ಯಾಸೆಟ್ ಬೇಡವಂತೆ, ಬರುವ ವರ್ಷ ತರುತ್ತೇನೆ.
ಬರುವ ವರ್ಷ ತೊಂಬತ್ತು.
ಆಗಸ್ಟಿನಲ್ಲಿ ಟ್ಯಾಂಕು ಬಂದವು.
ಬಾಗ್ದಾದಿಗೆ ಬಸ್ಸು, ಮರಳಲ್ಲಿ ಡೇರೆ,
ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ.
ಕುದ್ರೋಳಿಗೆ ಮುಟ್ಟಿದಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲ,
ಚೀಲದಲ್ಲಿ ಪಾಸ್‌ಪೋರ್ಟು, ಒಂದು ಲುಂಗಿ.
ಆ ಯಂತ್ರಗಳ ವಂಶವೂ ಅದೇ ಯುದ್ಧದಲ್ಲಿ ನಿಂತಿತೆಂದು
ನನಗೆ ಗೊತ್ತಾದದ್ದು ಬಹಳ ತಡವಾಗಿ.
ಕಂಪೆನಿ ಬದುಕಿತಂತೆ.
ನಿಲ್ಲಿಸಿದ್ದೇವೆ ಎಂದು ನಮಗೊಂದು ಕಾಗದ ಹಾಕಲಿಲ್ಲ,
ಹಾಕಲು ಅವರಿಗೂ ವಿಳಾಸವಿರಲಿಲ್ಲ.

ಮಾಮ ಬಂದರಿನ ಒಣಮೀನು ಗೋದಾಮಿನಲ್ಲಿ
ಎಡದಿಂದ ಬಲಕ್ಕೆ ಲೆಕ್ಕ ಬರೆದ, ಹನ್ನೊಂದು ವರ್ಷ.
ಮಿಂಚು ಹೊಡೆದ ಒಂದು ಸಂಜೆ ಯಂತ್ರವೂ ಹೋಯಿತು.
ಫಳ್ನೀರಿನ ವಲೇರಿಯನ್ ಡೇಸಾ ಮುಚ್ಚಳ ಬಿಚ್ಚಿ
ಮೂಸಿ ನೋಡಿ, ಪುನಃ ಮುಚ್ಚಿದರು:
ಇದರ ಚಿಪ್ಪು ಇನ್ನು ದೇವರ ಹತ್ತಿರವೂ ಇಲ್ಲ ಬಾಯಿ.
ದುಡ್ಡು ತೆಗೆದುಕೊಳ್ಳಲಿಲ್ಲ.

ಕ್ಯಾಸೆಟ್ ಮಾತ್ರ ನನ್ನ ಹತ್ತಿರ.
ಸಂಡೇ ಬಜಾರಿನ ಹಳೇ ಟೇಪಿನಲ್ಲಿ ಹಾಕುತ್ತೇನೆ, ವರ್ಷಕ್ಕೊಮ್ಮೆ.
ಓದುವವರಿಲ್ಲದ ಬೀಡಿ, ಹದಿನೇಳು ಸಾವಿರದ ನಲವತ್ತು,
ಕಿರ್ರೋ ಎಂದು ಸಾಗುತ್ತದೆ.
ಮುಂದಕ್ಕೆ ಓಡಿಸುವುದಿಲ್ಲ. ಆರು ನಿಮಿಷ
ಉಸ್ತಾದರ ಮುಂದೆ ಕೂತ ಹಾಗೆ ಕೂತಿರುತ್ತೇನೆ.
ಆಮೇಲೆ ಟಕ್ ಎಂದು,
ಯಾವುದೋ ಮಾತಿನ ನಡುವಿನಿಂದ, ಫ್ಯಾನಿನ ಸದ್ದಿನೊಳಗಿಂದ ಮಾಮ:
ಅಲ್ಲಿ ಬಂಗುಡೆಗೆ ಈಗ ಏನು ರೇಟು?
ತಿಳಿಸಿ.